ಕುದುರೆಮುಖ ಪೇಟೆಯ ಚರಿತ್ರೆಯನ್ನು ಈಗಲೇ ಬರೆದಿಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನನ್ನ ತಂಗಿಯ ಮೊಮ್ಮಗ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಇಬ್ಬರು ಹುಡುಗರು ಕುದುರೆಮುಖ ಪೇಟೆಯ ಖಾಲಿ ಕ್ವಾರ್ಟರ್ಸ್ ಮುಂದೆ ನಿಂತಿದ್ದರು. ಹಿಂದೆ ಹೆದರಿಸುವ ಮ್ಯೂಸಿಕ್. ಇದು ಭೂತಗಳ ಊರು, ಒಂದೇ ರಾತ್ರಿಯಲ್ಲಿ ಜನ ಎಲ್ಲ ಬಿಟ್ಟು ಓಡಿದರು ಎಂದು ಹೇಳುತ್ತಿದ್ದರು. ತುಂಬಾ ಜನ ನೋಡಿದ್ದಾರಂತೆ. "ಅಜ್ಜ, ಎಂತ ಬಂದಿತ್ತು ಅಲ್ಲಿ? ಕಾಯಿಲೆಯಾ?" ಎಂದು ಹುಡುಗ ಕೇಳಿದ.

ಒಂದೇ ರಾತ್ರಿಯಲ್ಲಿ ಯಾರೂ ಓಡಲಿಲ್ಲ ಮಾರಾಯ್ರೆ. ಕಬ್ಬಿಣದ ಗಣಿ ನಿಂತ ಮೇಲೆ ತಿಂಗಳುಗಟ್ಟಲೆ ಹೋದರು. ಪೆಟ್ಟಿಗೆ, ಪಾತ್ರೆ ಮೂಟೆ, ಮಕ್ಕಳ ಸೈಕಲ್ ಎಲ್ಲ ಲಾರಿಗೆ ಹಾಕಿದರು. ಲಾರಿ ಬಾಡಿಗೆಗೆ ದುಡ್ಡಿಲ್ಲದವರು ನಮ್ಮ ಬಸ್ಸಿನ ಟಾಪಿಗೆ ಏರಿಸಿದರು. ಏರಿಸಿಕೊಟ್ಟವರಲ್ಲಿ ನಾನೂ ಒಬ್ಬ. ಕಾರ್ಕಳದಿಂದ ಕುದುರೆಮುಖದ ಮೇಲೆ ಕಳಸಕ್ಕೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ 80ರ ದಶಕದ ಮೊದಲಿನಿಂದ ನಾನು ಕಂಡಕ್ಟರ್ ಆಗಿದ್ದೆ. ಮಂಡಿ ನೋವು ಶುರುವಾದ ಮೇಲೆ ಬಿಟ್ಟೆ. ಈಗ ಬಜಗೋಳಿಯಲ್ಲಿ ಮನೆಯಲ್ಲೇ ಇದ್ದೇನೆ. ಇಷ್ಟು ಉದ್ದದ ಪತ್ರ ಬರೆಯುತ್ತಿರುವುದು ಇದೇ ಮೊದಲು. ಜಾಗ ಸಾಲದಿದ್ದರೆ ಕತ್ತರಿ ಹಾಕಿ, ಬೇಸರವಿಲ್ಲ. ಆದರೆ ಕಾಂಟ್ರಾಕ್ಟ್ ಕೆಲಸದವರ ಬಗ್ಗೆ ಬರೆದ ಭಾಗವನ್ನು ಮಾತ್ರ ಬಿಡಬೇಡಿ.

ನಾನು ಹೇಳುವುದು ಇಷ್ಟೇ. ಆ ಪೇಟೆಯ ಗೋಡೆಗಳನ್ನು ಉಳಿಸಿ ಎಂದು ನಾನು ಕೇಳುವುದಿಲ್ಲ. ಕಾಡು ಅವನ್ನು ವಾಪಸ್ ತಗೊಳ್ಳುತ್ತಿದೆ, ತಗೊಳ್ಳಲಿ. ಅಲ್ಲಿ ಏನು ನಡೆಯಿತು ಎಂಬುದನ್ನು ಮಾತ್ರ ನೋಡಿದವರು ಬದುಕಿರುವಾಗಲೇ ಬರೆದಿಡಬೇಕು. ಇನ್ನು ಹತ್ತು ಹದಿನೈದು ವರ್ಷ ಕಳೆದರೆ ಆ ವಿಡಿಯೋದ ಹುಡುಗರು ಹೇಳಿದ್ದೇ ಚರಿತ್ರೆಯಾಗುತ್ತದೆ.

ಗೊತ್ತಿಲ್ಲದ ಓದುಗರಿಗೆ ಸ್ವಲ್ಪ ಹಿಂದಿನದ್ದು ಹೇಳಬೇಕು. ಮೊದಲು ಆ ಜಾಗದ ಹೆಸರು ಮಲ್ಲೇಶ್ವರ. ಸುತ್ತ ಹುಲ್ಲಿನ ಗುಡ್ಡ, ಕಣಿವೆಯಲ್ಲಿ ಶೋಲ ಕಾಡು, ನಡುವೆ ಭದ್ರಾ ಹೊಳೆ. ಗುಡ್ಡದಲ್ಲಿ ಕಬ್ಬಿಣ ಇದೆ ಎಂಬುದು ಮೈಸೂರು ಸಂಸ್ಥಾನದ ಕಾಲಕ್ಕೇ ಗೊತ್ತಾಗಿತ್ತು. ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರರು ಅದನ್ನು ಗುರುತು ಹಾಕಿದ್ದರು. ಆದರೆ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಪುಡಿ ಮಾಡಿ, ಅಯಸ್ಕಾಂತಕ್ಕೆ ಕೊಟ್ಟು, ಬೇಡದ್ದನ್ನು ತೆಗೆದರೆ ಮಾತ್ರ ಮಾರಲು ಬರುವಂಥದ್ದು. ಅದಕ್ಕೆ ಬೇಕಾದ ದುಡ್ಡು ಯಾರ ಹತ್ತಿರವೂ ಇರಲಿಲ್ಲ.

ದುಡ್ಡು ಬಂದದ್ದು ಇರಾನಿನಿಂದ. 1975ರಲ್ಲಿ ಶಾ ದೊರೆಯ ಸರಕಾರ ನಮ್ಮ ಸರಕಾರದ ಜತೆ ಒಪ್ಪಂದ ಮಾಡಿಕೊಂಡಿತು. 63 ಕೋಟಿ ಡಾಲರ್ ಸಾಲ. ಅದಕ್ಕೆ ಬದಲಾಗಿ 21 ವರ್ಷದಲ್ಲಿ 15 ಕೋಟಿ ಟನ್ ಅದಿರಿನ ಪುಡಿ. 1976ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾಯಿತು. ವರ್ಷಕ್ಕೆ ಮಳೆಯೇ ಆರೇಳು ಸಾವಿರ ಮಿಲಿಮೀಟರ್ ಬೀಳುವ ಜಾಗದಲ್ಲಿ ಗುಡ್ಡ ಕಡಿದು, ಗಣಿ, ಕಾರ್ಖಾನೆ, ಅಣೆಕಟ್ಟು, ಪೇಟೆ ಎಲ್ಲವನ್ನೂ ಕಟ್ಟಿ 1980ರಲ್ಲಿ ಮುಗಿಸಿದರು. ಮುಗಿಸುವ ಹೊತ್ತಿಗೆ ಇರಾನಿನಲ್ಲಿ ಶಾ ಇರಲಿಲ್ಲ! 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಹೊಸ ಸರಕಾರ ಬಂದಿತ್ತು. ಅವರು ಅದಿರು ಬೇಡ ಎಂದರು, ಉಳಿದ ಹಣವನ್ನೂ ಕೊಡಲಿಲ್ಲ. ಅಂಗಡಿ ಕಟ್ಟಿ ಬಾಗಿಲು ತೆರೆಯುವ ದಿನ ಗಿರಾಕಿಯೇ ಮಾಯ. ಆಮೇಲೆ ಬೇರೆ ದೇಶದ ಗಿರಾಕಿಗಳನ್ನು ಹುಡುಕಿದರು. 1987ರಲ್ಲಿ ಮಂಗಳೂರಿನಲ್ಲಿ ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಕಾರ್ಖಾನೆಯೂ ಬಂತು.

ಟೆಹರಾನಿನಲ್ಲಿ ಗಲಾಟೆಯಾದದ್ದಕ್ಕೆ ನಮ್ಮ ಮಲೆನಾಡಿನ ಒಂದು ಕಣಿವೆಯ ಹಣೆಬರಹ ಬದಲಾಯಿತು ಅಂದರೆ ಈಗಿನ ಮಕ್ಕಳು ನಂಬುತ್ತಾರಾ? ಶಾಲೆಯ ಯಾವ ಪುಸ್ತಕದಲ್ಲೂ ನಾನಿದನ್ನು ನೋಡಿಲ್ಲ.

ಗಣಿಯ ಕೆಲಸ ಹೀಗೆ. ಗುಡ್ಡಕ್ಕೆ ಮದ್ದು ಇಟ್ಟು ಸಿಡಿಸುವುದು. ಮನೆಯಷ್ಟು ಎತ್ತರದ ಡಂಪರುಗಳಲ್ಲಿ ಕಲ್ಲು ತರುವುದು. ಅರೆದು ಹಿಟ್ಟು ಮಾಡುವುದು. ಕಬ್ಬಿಣದ ಹಿಟ್ಟಿಗೆ ನೀರು ಬೆರೆಸಿ ಪೈಪಿನಲ್ಲಿ ಬಿಟ್ಟರೆ ಅದು ಘಾಟಿ ಇಳಿದು 67 ಕಿಲೋಮೀಟರ್ ದೂರದ ಮಂಗಳೂರು ಬಂದರಿನ ಪಣಂಬೂರಿಗೆ ತಲುಪುತ್ತಿತ್ತು. ಉಳಿದ ಕೆಸರು ಲಕ್ಯಾ ಹೊಳೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ. ಸುಮಾರು 100 ಮೀಟರ್ ಎತ್ತರದ ಮಣ್ಣಿನ ಕಟ್ಟೆ ಅದು. ಒಂದು ಇಡೀ ಕಣಿವೆ ಆ ಕೆಸರಲ್ಲಿ ತುಂಬಿ ಹೋಗಿದೆ. ದೂರದಿಂದ ನೋಡಿದವರು ಚಂದದ ಬಯಲು ಅಂದುಕೊಳ್ಳುತ್ತಾರೆ. ಅದೂ ಚರಿತ್ರೆಯೇ.

ಇನ್ನು ಪೇಟೆಯ ವಿಷಯ. ನನಗೆ ಅದು ರಸ್ತೆ ಬದಿಯ ಪೇಟೆಯಾಗಿಯೇ ಗೊತ್ತು. ಗಣಿಯ ಒಳಗೆ ನಾನು ಹೋದವನಲ್ಲ. ಮಾಳ ಗೇಟು ದಾಟಿ, ಘಾಟಿ ಹತ್ತಿ, ಎಸ್.ಕೆ. ಬಾರ್ಡರಿನಲ್ಲಿ, ಅಂದರೆ ಹಳೇ ದಕ್ಷಿಣ ಕನ್ನಡ ಜಿಲ್ಲೆಯ ಗಡಿಯಲ್ಲಿ, ಶೃಂಗೇರಿ ದಾರಿ ಬಿಟ್ಟು ಈ ಕಡೆ ತಿರುಗಿದರೆ ಮತ್ತೆ ಮನೆ ಇಲ್ಲ, ಮಠ ಇಲ್ಲ. ಕಾಡು, ಮಂಜು, ಹುಲ್ಲುಗುಡ್ಡ. ಬಸ್ಸಿನಲ್ಲಿ ಹೊಸಬರು ಇದ್ದರೆ ಮಾತು ನಿಲ್ಲಿಸಿ ಕಿಟಕಿಯ ಹತ್ತಿರ ಬರುತ್ತಿದ್ದರು. ಹಾಗೇ ಹೋಗುತ್ತಾ ಒಂದು ತಿರುವು ತಿರುಗಿದ ಕೂಡಲೇ ಸಾಲು ದೀಪ, ಸಾಲು ಮನೆ, ಶಾಲೆ, ಆಸ್ಪತ್ರೆ, ಬ್ಯಾಂಕು, ಅಂಚೆ ಕಚೇರಿ. ಆಗ ಕಾರ್ಕಳದಲ್ಲೇ ದಿನಕ್ಕೆ ಹತ್ತು ಸಲ ಕರೆಂಟು ಹೋಗುತ್ತಿತ್ತು. ಅಲ್ಲಿ ಬೀದಿ ದೀಪ ಸಾಲಾಗಿ ಉರಿಯುತ್ತಿದ್ದವು. ನನ್ನ ಹೆಂಡತಿಯನ್ನು ಮದುವೆಯಾದ ವರ್ಷ ಕರೆದುಕೊಂಡು ಹೋದಾಗ ಅವಳು ನೋಡಿ ಬಂದು ಹೇಳಿದ್ದು ಗುಡ್ಡದ ಚಂದ ಅಲ್ಲ, ಆ ದೀಪದ ಚಂದ.

ನಮ್ಮ ಬಸ್ಸು ಜನರನ್ನು ಮಾತ್ರ ತರುತ್ತಿರಲಿಲ್ಲ. ಬೆಳಿಗ್ಗೆ ನಿಮ್ಮಂಥ ಪತ್ರಿಕೆಗಳ ಕಟ್ಟು, ಮಂಗಳೂರಿನ ಮೀನಿನ ಬುಟ್ಟಿ, ಹಬ್ಬದ ಹಿಂದಿನ ದಿನ ಮಲ್ಲಿಗೆ, ಔಷಧದ ಪೊಟ್ಟಣ, ಊರಿಂದ ಅಮ್ಮ ಕಳಿಸಿದ ಉಪ್ಪಿನಕಾಯಿ ಭರಣಿ. ಭರಣಿ ಒಡೆದರೆ ಕಂಡಕ್ಟರಿಗೇ ಬೈಗುಳ. ಮೀನಿನ ನೀರು ಸೋರಿ ಕಳಸದ ಭಟ್ಟರೊಬ್ಬರ ಪಂಚೆಗೆ ತಾಗಿ ಆದ ಗಲಾಟೆಯನ್ನು ಬರೆಯಲು ಹೋದರೆ ಈ ಪತ್ರ ಮುಗಿಯುವುದಿಲ್ಲ. ಬಂಗಾಳದ ಸಾಹೇಬರೊಬ್ಬರು ಪ್ರತಿ ವಾರ ಬಸ್ ಸ್ಟಾಂಡಿಗೆ ಬಂದು, ಸಮುದ್ರದ ಮೀನು ಬೇಡ, ಹೊಳೆ ಮೀನು ತಾ ಎನ್ನುತ್ತಿದ್ದರು. ಅವರಿಗಾಗಿ ನಾನು ಹೊಳೆ ಮೀನು ಹುಡುಕಿದ್ದುಂಟು. ಬಿಹಾರದವರು, ಆಂಧ್ರದವರು, ತಮಿಳರು, ಮಲಯಾಳಿಗಳು, ರಾಯಚೂರು ಬಿಜಾಪುರ ಕಡೆಯವರು, ನಮ್ಮ ತುಳುವರು, ಕೊಂಕಣಿಗಳು, ಬ್ಯಾರಿಗಳು, ಎಲ್ಲರೂ ಆ ಒಂದು ಬಸ್ ಸ್ಟಾಂಡಿನಲ್ಲಿ. ಹಿಂದಿ ನಾನು ಕಲಿತದ್ದು ಅಲ್ಲೇ. ನನ್ನ ಹಿಂದಿ ಕೇಳಿದರೆ ಎಲ್ಲಿ ಕಲಿತದ್ದು ಎಂದು ಈಗಲೂ ಗೊತ್ತಾಗುತ್ತದೆ ಬಿಡಿ.

ಹೊರನಾಡಿಗೆ ಹೋಗುವ ಭಕ್ತರು ಅಲ್ಲಿ ಇಳಿದು ಚಾ ಕುಡಿದು ಮುಂದೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಭದ್ರೆ ಉಕ್ಕಿ ಕಳಸದ ಹತ್ತಿರ ಹೆಬ್ಬಾಳೆ ಸೇತುವೆ ಮುಳುಗಿದೆ ಎಂಬ ಸುದ್ದಿ ಬಂದರೆ ಆ ದಿನ ಕುದುರೆಮುಖದ ಹೋಟೆಲುಗಳಿಗೆ ಒಳ್ಳೆಯ ವ್ಯಾಪಾರ.

ಈಗ ಕಾಂಟ್ರಾಕ್ಟ್ ಕೆಲಸದವರ ವಿಷಯ. ಕಂಪನಿಯಲ್ಲಿ ಪರ್ಮನೆಂಟ್ ಇದ್ದವರಿಗೆ ನಂಬರಿತ್ತು, ಕ್ವಾರ್ಟರ್ಸ್ ಇತ್ತು, ಕಡತದಲ್ಲಿ ಹೆಸರಿತ್ತು. ಅವರ ಚರಿತ್ರೆ ಎಲ್ಲೋ ಒಂದು ಕಪಾಟಿನಲ್ಲಿ ಸಿಗಬಹುದು. ಕಲ್ಲು ಹೊತ್ತವರು, ಚರಂಡಿ ತೆಗೆದವರು, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದ ಹುಡುಗರು, ಸಾಹೇಬರ ಮನೆಗಳಲ್ಲಿ ನೆಲ ಒರೆಸಿದ ಹೆಂಗಸರು, ಸಂಸೆ ಕಡೆಯಿಂದ ಹಾಲು ತರಕಾರಿ ತಂದು ಮಾರಿದವರು, ಇವರ ಹೆಸರು ಯಾವ ಪುಸ್ತಕದಲ್ಲಿದೆ? ಗುತ್ತಿಗೆದಾರ ಬದಲಾದರೆ ಅವನ ಹಾಜರಿ ಪುಸ್ತಕವೂ ಅವನ ಜತೆ ಹೋಯಿತು. ಗಣಿ ನಿಂತಾಗ ಪರ್ಮನೆಂಟಿನವರಿಗೆ ಮಂಗಳೂರಿನಲ್ಲಿ ಕೆಲಸವೋ, ಸ್ವಯಂ ನಿವೃತ್ತಿಯ ದುಡ್ಡೋ, ಏನೋ ಒಂದು ಮಾತುಕತೆ ಇತ್ತು. ಇವರು ಸುಮ್ನೆ ಬಸ್ಸು ಹತ್ತಿದರು. ಕಾರ್ಕಳಕ್ಕೆ ಟಿಕೆಟ್ ತಗೊಂಡವರಲ್ಲಿ ಕೆಲವರಿಗೆ ಕಾರ್ಕಳದಿಂದ ಮುಂದೆ ಎಲ್ಲಿಗೆ ಎಂಬುದೇ ತೀರ್ಮಾನ ಆಗಿರಲಿಲ್ಲ. ನಮ್ಮ ಟ್ರಿಪ್ ಶೀಟಿನಲ್ಲಿ ಅವರ ತಲೆ ಎಣಿಕೆ ಇದೆ, ಹೆಸರಿಲ್ಲ.

ಅವರಿಗಿಂತಲೂ ಹಿಂದಿನವರು ಇದ್ದಾರೆ. ಗಣಿ ಬರುವ ಮುಂಚೆ ಆ ಕಡೆಯ ಕಾಡಿನಲ್ಲಿ, ಗದ್ದೆ ಬದಿಯಲ್ಲಿ ಬದುಕಿದವರು. ಮಲೆಕುಡಿಯರು, ಗೌಡರು. ಇವರಿಗೆ ಮೊದಲು ಗಣಿ ಬಂತು. ಆಮೇಲೆ 1987ರಲ್ಲಿ 600 ಚದರ ಕಿಲೋಮೀಟರ್ ಜಾಗ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆ ಆಯಿತು. ಸಿಂಗಳೀಕ ಮಂಗಗಳಿಗೆ ಇಷ್ಟು ಒಳ್ಳೆಯ ಕಾಡು ಬೇರೆ ಕಡೆ ಕಡಿಮೆ ಎಂದು ವನ್ಯಜೀವಿ ತಜ್ಞ ಉಲ್ಲಾಸ ಕಾರಂತರು ಮಾಡಿದ ಅಧ್ಯಯನ ಅದಕ್ಕೆ ಕಾರಣ. ಒಂದು ಕಡೆ ಡಂಪರ್ ಓಡುತ್ತಿತ್ತು, ಅದೇ ಕಾಡಿನಲ್ಲಿ ಸೌದೆ ತಂದರೆ ಕೇಸು. ಇದರ ಸಿಟ್ಟು ನಾನು ಬಸ್ಸಿನಲ್ಲೇ ಕೇಳಿದ್ದೇನೆ. ಉದ್ಯಾನ ಬೇಡ ಎಂದವರು ನಮ್ಮ ಬಸ್ಸಿನಲ್ಲೇ ಸಭೆಗೆ ಹೋಗುತ್ತಿದ್ದರು, ಗಣಿ ಬೇಡ ಎಂದವರೂ ಹೋಗುತ್ತಿದ್ದರು, ಗಣಿ ನಿಂತರೆ ನಮ್ಮ ಹೊಟ್ಟೆಗೇನು ಎಂದವರೂ ಹೋಗುತ್ತಿದ್ದರು. ಒಂದೇ ಸೀಟಿನಲ್ಲಿ ಕೂತು ಜಗಳ ಆಡಿದ್ದನ್ನೂ ನೋಡಿದ್ದೇನೆ. ಮೂರೂ ಕಡೆಯವರ ಮಾತು ಒಂದೇ ಕಡೆ ಸಿಗುವ ಹಾಗೆ ಯಾರಾದರೂ ಬರೆದಿಡಬೇಕು.

ಗಣಿಯ ವಿರುದ್ಧ ಹೋರಾಟ ಸುಮ್ನೆ ಆದದ್ದಲ್ಲ. ಮಳೆಗಾಲದಲ್ಲಿ ಕಳಸದ ಸೇತುವೆಯ ಮೇಲೆ ನಿಂತು ನೋಡಿದವರಿಗೆ ಗೊತ್ತು, ಭದ್ರೆ ಯಾವ ಬಣ್ಣದಲ್ಲಿ ಬರುತ್ತಿದ್ದಳು ಎಂದು. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವ ಗಂಗಾಮೂಲ ಅಲ್ಲೇ ಹತ್ತಿರ. ಭದ್ರೆಯ ಹೂಳು ಕೆಳಗೆ ಲಕ್ಕವಳ್ಳಿಯ ಅಣೆಕಟ್ಟಿಗೆ ಹೋಗುತ್ತದೆ. ಆ ನೀರು ಕುಡಿಯುವವರು, ಆ ನೀರಿನಲ್ಲಿ ಭತ್ತ ಬೆಳೆಯುವವರು ಗಣಿ ಕಂಡವರೂ ಅಲ್ಲ, ಅದರ ಸಂಬಳ ಉಂಡವರೂ ಅಲ್ಲ. ಗಣಿಯ ಲೀಸು 1999ಕ್ಕೆ ಮುಗಿದಿತ್ತು. ಗಂಗಡಿಕಲ್ಲು, ನೆಲ್ಲಿಬೀಡು ಕಡೆಗೂ ಗಣಿ ಹೋಗುತ್ತದೆ ಎಂಬ ಸುದ್ದಿ ಬಂದ ಮೇಲೆ ಹೋರಾಟ ಜೋರಾಯಿತು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪನವರ ಹೆಸರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕೇಸು ನಡೆಯಿತು. 2002ರ ಅಕ್ಟೋಬರ್ 30ಕ್ಕೆ ತೀರ್ಪು. 2005ರ ಕೊನೆಗೆ ಗಣಿ ನಿಲ್ಲಬೇಕು ಎಂದಿತು ಕೋರ್ಟು. 2005ರ ಡಿಸೆಂಬರ್ 31ಕ್ಕೆ ನಿಂತಿತು.

ನಿಲ್ಲಬೇಕಾಗಿತ್ತಾ ಎಂದು ಕೇಳಿದರೆ, ಹೌದು, ನಿಲ್ಲಬೇಕಾಗಿತ್ತು. ಗಣಿಯಿಂದ ಹೊಟ್ಟೆ ತುಂಬಿಸಿಕೊಂಡವರಲ್ಲಿ ನಾನೂ ಇದ್ದೇನೆ. ಆ ಪೇಟೆ ಇಲ್ಲದಿದ್ದರೆ ನಮ್ಮ ರೂಟಿನಲ್ಲಿ ಅಷ್ಟು ಕಲೆಕ್ಷನ್ ಎಲ್ಲಿತ್ತು? ಆದರೂ ಹೀಗೇ ಹೇಳುತ್ತೇನೆ. ನನ್ನ ಹಳೇ ಸ್ನೇಹಿತರು ಕೆಲವರಿಗೆ ಇದು ಸಿಟ್ಟು ಬರಿಸುತ್ತದೆ. ಅವರ ಸಿಟ್ಟನ್ನೂ ಬರೆದಿಡಿ ಎಂದೇ ನಾನು ಹೇಳುವುದು.

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಕಷ್ಟ ಜಾಸ್ತಿಯೇ ಇದೆ, ಆದರೆ ಜನ ಅಲ್ಲೇ ಇದ್ದಾರೆ. ತಾತ ಗಣಿಗೆ ಇಳಿದ ಕತೆಯನ್ನು ಅದೇ ಮನೆಯಲ್ಲಿ ಮೊಮ್ಮಗ ಕೇಳುತ್ತಾನೆ. ಕುದುರೆಮುಖದಲ್ಲಿ ಹಾಗಲ್ಲ. ಕ್ವಾರ್ಟರ್ಸ್ ಎಲ್ಲ ಕಂಪನಿಯದ್ದು. ಕೆಲಸ ಮುಗಿದ ಮೇಲೆ ಬೀಗದ ಕೈ ಕೊಟ್ಟು ಬಂದ ಊರಿಗೆ ವಾಪಸ್. ಅಲ್ಲೇ ಹುಟ್ಟಿ, ಅಲ್ಲೇ ಶಾಲೆ ಕಲಿತ ಮಕ್ಕಳಿಗೆ "ಬಂದ ಊರು" ಯಾವುದು ಎಂಬುದೇ ಸಮಸ್ಯೆ. ಅವರೆಲ್ಲ ಈಗ ಬೆಂಗಳೂರು, ಪುಣೆ, ದುಬೈ, ಅಮೆರಿಕ ಎಂದು ಹಂಚಿಹೋಗಿದ್ದಾರೆ. ಅವರ ಮನೆಗಳ ಆಲ್ಬಮ್‌ನಲ್ಲಿ ಶಾಲೆಯ ಆಟೋಟ, ಗಣೇಶೋತ್ಸವ, ಕ್ರಿಸ್ಮಸ್, ಮಳೆಗೆ ಕೊಡೆ ತಲೆಕೆಳಗಾದ ಫೋಟೋಗಳಿವೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಆ ಆಲ್ಬಮ್ ಮೊದಲು ಅಟ್ಟಕ್ಕೆ, ಆಮೇಲೆ ಗುಜರಿಗೆ.

ಈಗ ಆ ದಾರಿಯಲ್ಲಿ ಹೋಗುವವರಿಗೆ ಏನೂ ಗೊತ್ತಾಗುವುದಿಲ್ಲ. ಅರಣ್ಯದ ಗೇಟಿನಲ್ಲಿ ಹೊತ್ತು ಬರೆದ ಚೀಟಿ ಕೊಡುತ್ತಾರೆ. ಇಂತಿಷ್ಟು ಹೊತ್ತಿನೊಳಗೆ ಆಚೆ ಗೇಟು ದಾಟಬೇಕು, ನಡುವೆ ನಿಲ್ಲಬಾರದು. ಒಳ್ಳೆಯದೇ, ಇಲ್ಲದಿದ್ದರೆ ಕಾಡು ತುಂಬ ಬಾಟಲಿ. ಆದರೆ ಕಾರಿನ ಕಿಟಕಿಯಿಂದ ನೋಡಿದವರಿಗೆ ಕಾಣುವುದು ಪಾಚಿ ಹಿಡಿದ ಗೋಡೆ, ಬಳ್ಳಿ ಹಬ್ಬಿದ ಮಾಡು. ಕೇಳೋಣ ಎಂದರೆ ಅಲ್ಲಿ ಉಳಿದಿರುವವರೇ ನಾಲ್ಕು ಜನ. ಹಾಗಾಗಿ ಭೂತದ ಕತೆ ಹುಟ್ಟುತ್ತದೆ. ಆ ಹುಡುಗರದ್ದು ಪೂರ್ತಿ ತಪ್ಪು ಎಂದು ನಾನು ಹೇಳುವುದಿಲ್ಲ. ಅವರಿಗೆ ಹೇಳಲು ಅಲ್ಲಿ ಒಂದು ಬೋರ್ಡೂ ಇಲ್ಲ ಅಲ್ವಾ?

ಹಳೇ ಫೋಟೋ ಸಿಗುತ್ತದಾ ನೋಡೋಣ ಎಂದು ನಾನೇ ಒಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಎಂದು ಬರೆಯುವುದಿಲ್ಲ, ಅಲ್ಲಿದ್ದವನು ಪಾಪ ಹೊಸ ಹುಡುಗ. "ಅದೆಲ್ಲ ಕೆಳಗೆ ಕಳಿಸಿ ಆಗಿದೆ" ಎಂದ. ಕೆಳಗೆ ಅಂದರೆ ಮಂಗಳೂರಾ, ಬೆಂಗಳೂರಾ, ಇಲ್ಲ ನೆಲಮಾಳಿಗೆಯಾ ಎಂದು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ.

ನನ್ನ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಒಂದು ಕಾಯ್ದೆಯ ಬಗ್ಗೆ ಹೇಳಿದರು. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ. ಅದು ಕೇಂದ್ರದ ಸಾರ್ವಜನಿಕ ಉದ್ದಿಮೆಗಳಿಗೂ ಅನ್ವಯ ಆಗುತ್ತದೆ. ಅಂದರೆ ಕುದುರೆಮುಖದ ಗಣಿಯ ಕಡತ, ನಕ್ಷೆ, ಫೋಟೋ ಯಾವುದನ್ನೂ ರದ್ದಿಗೆ ಹಾಕಿದಂತೆ ಹಾಕುವ ಹಾಗಿಲ್ಲ. ಯಾವುದನ್ನು ಇಡಬೇಕು, ಯಾವುದನ್ನು ತೆಗೆಯಬಹುದು ಎಂದು ಕ್ರಮ ಪ್ರಕಾರ ನೋಡಿ ತೀರ್ಮಾನಿಸಬೇಕು. ಉಕ್ಕು ಸಚಿವಾಲಯ, ರಾಷ್ಟ್ರೀಯ ಪತ್ರಾಗಾರ ಮತ್ತು ನಮ್ಮ ರಾಜ್ಯದ ಪತ್ರಾಗಾರ ಇಲಾಖೆ ಮೂರೂ ಸೇರಿ ಮೊದಲು ಒಂದು ಪಟ್ಟಿ ಮಾಡಲಿ. ಇರಾನ್ ಜತೆ ನಡೆದ ಪತ್ರ ವ್ಯವಹಾರ, ಪೇಟೆಯ ನಕ್ಷೆ, ಮಳೆ ಅಳತೆಯ ಪುಸ್ತಕ, ಆಸ್ಪತ್ರೆಯ ಹೆರಿಗೆ ರಿಜಿಸ್ಟರು, ಶಾಲೆಯ ದಾಖಲಾತಿ. ಇವೆಲ್ಲ ಈಗ ಎಲ್ಲೆಲ್ಲಿವೆ ಎಂದು ಪಟ್ಟಿ ಆದರೂ ಸಾಕು, ಅರ್ಧ ಕೆಲಸ ಆದ ಹಾಗೆ. ಭೂಮಿಯ ಕಾಗದಗಳು ಮೂಡಿಗೆರೆ, ಚಿಕ್ಕಮಗಳೂರಿನ ಕಚೇರಿಗಳಲ್ಲಿ ಇರಬೇಕು. ಗೆದ್ದಲು ಹಿಡಿಯುವ ಮುಂಚೆ ಸ್ಕ್ಯಾನ್ ಮಾಡಿಡಲಿ.

ಕಾಗದದಲ್ಲಿ ಸಿಗದ್ದು ಬಾಯಲ್ಲಿ ಇದೆ. ಅದಕ್ಕೆ ಮಂಗಳೂರು ವಿಶ್ವವಿದ್ಯಾಲಯ, ಕುವೆಂಪು ವಿಶ್ವವಿದ್ಯಾಲಯದ ಇತಿಹಾಸ ವಿಭಾಗದ ಮಕ್ಕಳನ್ನು ಕಳಿಸಿ. ಒಂದು ರೆಕಾರ್ಡರ್ ಸಾಕು, ಈಗ ಮೊಬೈಲೇ ರೆಕಾರ್ಡರ್. ಆದರೆ ದಯವಿಟ್ಟು ರಿಟೈರ್ಡ್ ಮ್ಯಾನೇಜರುಗಳ ಹತ್ತಿರ ಮಾತ್ರ ಹೋಗಬೇಡಿ. ಅವರು ಚೆನ್ನಾಗಿ ಮಾತಾಡುತ್ತಾರೆ, ಚಾ ಕೊಡುತ್ತಾರೆ, ಫೋಟೋ ತೋರಿಸುತ್ತಾರೆ, ಕೆಲಸ ಬೇಗ ಮುಗಿಯುತ್ತದೆ. ಡಂಪರ್ ಓಡಿಸಿದವರನ್ನು ಕೇಳಿ. ರಾತ್ರಿ ಪಾಳಿಯಲ್ಲಿ ಮಂಜಿನಲ್ಲಿ ಎದುರಿನ ಗಾಡಿಯ ದೀಪ ಕಾಣದೆ ಹೇಗೆ ಓಡಿಸಿದಿರಿ ಎಂದು ಕೇಳಿ. ಆಸ್ಪತ್ರೆಯ ಆಯಾಗಳನ್ನು ಕೇಳಿ. ಕಳಸ, ಸಂಸೆಯ ಅಂಗಡಿಯವರನ್ನು ಕೇಳಿ, ಸಂಬಳದ ದಿನ ವ್ಯಾಪಾರ ಎಷ್ಟಾಗುತ್ತಿತ್ತು, ಗಣಿ ನಿಂತ ಮೇಲೆ ಯಾರ ಸಾಲದ ಪುಸ್ತಕದಲ್ಲಿ ಎಷ್ಟು ಉಳಿಯಿತು ಎಂದು. ತುಳುವಿನಲ್ಲಿ ಹೇಳುವವರು ತುಳುವಿನಲ್ಲೇ ಹೇಳಲಿ, ತಮಿಳಿನಲ್ಲಿ ಹೇಳುವವರು ತಮಿಳಿನಲ್ಲೇ ಹೇಳಲಿ. ಕನ್ನಡಕ್ಕೆ ಆಮೇಲೆ ತಂದರಾಯಿತು. ಹೋರಾಟ ಮಾಡಿದವರಿಗೂ ವಯಸ್ಸಾಗಿದೆ. ಅವರ ಕರಪತ್ರ, ಸಭೆಯ ಫೋಟೋ, ಕೋರ್ಟಿಗೆ ಕೊಟ್ಟ ಕಾಗದದ ಪ್ರತಿಗಳು ಮನೆಯ ಮೂಲೆಯಲ್ಲಿರುತ್ತವೆ. ಅವೂ ಬೇಕು.

ಖಾಲಿ ಮನೆಗಳಿಗೆ ಸುಣ್ಣ ಬಳಿದು ರೆಸಾರ್ಟ್ ಮಾಡಬೇಕು, ಪ್ರವಾಸೋದ್ಯಮ ಬೆಳೆಸಬೇಕು ಎಂಬ ಮಾತು ಆಗಾಗ ಬರುತ್ತದೆ. ಬೇಡ. ಪಶ್ಚಿಮ ಘಟ್ಟದ 39 ಜಾಗಗಳನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖ ಉದ್ಯಾನವೂ ಅದರಲ್ಲಿತ್ತು. ಗಣಿಯನ್ನು ಹೊರಗೆ ಕಳಿಸಿದ ಜಾಗಕ್ಕೆ ಡಿ.ಜೆ. ತರುವುದಕ್ಕಾ ಅಷ್ಟೆಲ್ಲ ಹೋರಾಟ? ಮ್ಯೂಸಿಯಂ ಬೇಕಾದರೆ ಕಳಸದಲ್ಲಿ ಮಾಡಿ. ಹೊಸ ಕಟ್ಟಡವೂ ಬೇಡ, ಯಾವುದಾದರೂ ಹಳೇ ಸರಕಾರಿ ಕಟ್ಟಡದಲ್ಲಿ ಎರಡು ಕೋಣೆ ಸಾಕು. ಹೊರನಾಡಿಗೆ ಬರುವ ಜನ ಹೇಗೂ ಕಳಸಕ್ಕೆ ಬರುತ್ತಾರೆ, ನೋಡುತ್ತಾರೆ. ಕುದುರೆಮುಖದ ಬಸ್ ಸ್ಟಾಂಡಿನಲ್ಲಿ ಒಂದು ದೊಡ್ಡ ಬೋರ್ಡು ಇರಲಿ. ಇಲ್ಲಿ ಮೊದಲು ಯಾರಿದ್ದರು, ಗಣಿ ಯಾಕೆ ಬಂತು, ಎಷ್ಟು ಜನ ದುಡಿದರು, ಹೊಳೆಗೆ ಏನಾಯಿತು, ಯಾಕೆ ನಿಂತಿತು, ಇಷ್ಟು ಬರೆದರೆ ಸಾಕು. ಹೊಗಳಿಕೆ ಬೇಡ, ಮಂತ್ರಿಗಳ ಫೋಟೋವಂತೂ ಬೇಡವೇ ಬೇಡ.

ಅರಣ್ಯ ಇಲಾಖೆಯವರಿಗೆ ಒಂದು ವಿನಂತಿ. ಲಕ್ಯಾ ಕಟ್ಟೆ, ಗಣಿ ಗುಡ್ಡ, ಪೇಟೆಯ ಮುಖ್ಯ ರಸ್ತೆ, ಈ ಮೂರು ಕಡೆ ಒಂದೊಂದು ಕಲ್ಲು ನೆಟ್ಟು, ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಅದೇ ಕಲ್ಲಿನ ಹತ್ತಿರ ನಿಂತು, ಅದೇ ದಿಕ್ಕಿಗೆ ಒಂದು ಫೋಟೋ ತೆಗೆದಿಡಿ. ಖರ್ಚು ಏನೂ ಇಲ್ಲ. ಕಡಿದ ಗುಡ್ಡದ ಮೇಲೆ ಹುಲ್ಲು ಬರಲು ಎಷ್ಟು ವರ್ಷ, ಮರ ಬರಲು ಎಷ್ಟು ವರ್ಷ, ಬರುತ್ತದೋ ಇಲ್ಲವೋ, ಎಲ್ಲ ಅದರಲ್ಲೇ ಗೊತ್ತಾಗುತ್ತದೆ. ನಾಳೆ ಇನ್ನೊಂದು ಗುಡ್ಡಕ್ಕೆ ಗಣಿ ಕೇಳಿಕೊಂಡು ಯಾರಾದರೂ ಬಂದಾಗ ಆ ಫೋಟೋಗಳನ್ನು ಮುಂದೆ ಹಾಕಬಹುದು.

ನಿಮ್ಮ ಪತ್ರಿಕೆಗೂ ಒಂದು ಮಾತು. 1975ರಿಂದ 2005ರವರೆಗೆ ನಿಮ್ಮಲ್ಲಿ ಬಂದ ಕುದುರೆಮುಖದ ಸುದ್ದಿ, ಫೋಟೋ ನಿಮ್ಮ ಹಳೇ ಸಂಪುಟಗಳಲ್ಲಿ ಇರಬೇಕು. ನಿಮ್ಮ ವರದಿಗಾರರು ನಮ್ಮ ಬಸ್ಸಿನಲ್ಲೇ ಬರುತ್ತಿದ್ದರು, ಸುದ್ದಿಯ ಲಕೋಟೆಯನ್ನು ಕಾರ್ಕಳಕ್ಕೆ ಮುಟ್ಟಿಸಲು ನನ್ನ ಕೈಯಲ್ಲೇ ಕೊಡುತ್ತಿದ್ದರು. ಅದನ್ನೆಲ್ಲ ಒಟ್ಟು ಮಾಡಿ ವಾರಕ್ಕೆ ಒಂದು ಸಲ ಅರ್ಧ ಪುಟ ಕೊಡಿ. ಓದುಗರ ಹತ್ತಿರ ಇರುವ ಹಳೇ ಫೋಟೋ ಕಳಿಸಲು ಹೇಳಿ. ಫೋಟೋದ ಹಿಂದೆ ವರ್ಷ, ಜಾಗ, ಅದರಲ್ಲಿರುವವರ ಹೆಸರು ಬರೆಯಲು ಮರೆಯದೆ ಹೇಳಿ. ಹೆಸರಿಲ್ಲದ ಫೋಟೋ ರಾಶಿ ನನ್ನ ಹತ್ತಿರವೇ ಇದೆ, ಯಾರು ಯಾರೆಂದು ಈಗ ನನಗೇ ನೆನಪಾಗುವುದಿಲ್ಲ.

ನನ್ನ ಹತ್ತಿರ ಹಳೇ ಟಿಕೆಟ್ ಪುಸ್ತಕದ ಬುಡಗಳು, ಕೆಲವು ಟ್ರಿಪ್ ಶೀಟು, ಬಸ್ ಸ್ಟಾಂಡಿನಲ್ಲಿ ತೆಗೆದ ಫೋಟೋಗಳು ಇವೆ. ಹೆಂಡತಿ ಅವನ್ನು ಎಸೆಯಿರಿ ಎನ್ನುತ್ತಾಳೆ. ಯಾವುದಾದರೂ ವಿಶ್ವವಿದ್ಯಾಲಯದವರೋ ಪತ್ರಾಗಾರದವರೋ ಬಂದರೆ ಎಲ್ಲ ಕೊಡುತ್ತೇನೆ, ರಶೀದಿ ಕೊಟ್ಟರೆ ಸಾಕು. ಮಾತಾಡಲು ಒಪ್ಪಿದವರು ನಮ್ಮ ಸುತ್ತಮುತ್ತ ಹಲವರಿದ್ದಾರೆ. ಡಂಪರ್ ಓಡಿಸಿದವರೊಬ್ಬರು ಮಾಳದಲ್ಲಿದ್ದಾರೆ, ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವರೊಬ್ಬರು ಸಂಸೆಯಲ್ಲಿ. ಡಂಪರಿನವರಿಗೆ ಕಿವಿ ಸ್ವಲ್ಪ ಮಂದ, ಜೋರಾಗಿ ಕೇಳಬೇಕು. ಮಳೆಗಾಲ ಶುರುವಾಗುವ ಮುಂಚೆ ಬನ್ನಿ, ಆಮೇಲೆ ಘಾಟಿಯಲ್ಲಿ ಮರ ಬಿದ್ದರೆ ದಿನ ಹಾಳು. ನನ್ನ ವಿಳಾಸ ನಿಮ್ಮ ಕಚೇರಿಗೆ ಬೇರೆ ಕಾಗದದಲ್ಲಿ ಬರೆದು ಕಳಿಸಿದ್ದೇನೆ. ಪತ್ರಿಕೆಯಲ್ಲಿ ಹೆಸರು ಹಾಕುವುದು ಬೇಡ.

ಇಂತಿ,
ಒಬ್ಬ ಹಳೇ ಬಸ್ ಕಂಡಕ್ಟರ್
ಬಜಗೋಳಿ, ಕಾರ್ಕಳ ತಾಲ್ಲೂಕು